ಕುಡಿದ ಕಾಫಿ, ಮುಚ್ಚಿದ ಕಡತ

ವಿಮಾ ಕಂಪನಿಯ ಪರಿಹಾರ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ನಾನು ನೌಫಾ. ಮಾದಬಾ ಪಟ್ಟಣದ ಹಳೇ ಗಿರಣಿ ಬೀದಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವ ಧೈರ್ಯ ಯಾರಿಗೂ ಇಲ್ಲ. ಹಿರಿಮಗ ಸತ್ತಾಮನ ತಾಯಿ ಎಂದು ಉಮ್ ಸತ್ತಾಮ್ ಎನ್ನುತ್ತಾರೆ. ಗಂಡ ತೀರಿಕೊಂಡ ಈ ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ನಾಲ್ಕು ಮನೆಗಳ ಮದುವೆ, ಮುನಿಸು, ರಾಜಿ ಎಲ್ಲವೂ ನನ್ನ ಮಾತಿನಂತೆ ನಡೆದಿವೆ. ಹೈಸ್ಕೂಲು ಮುಗಿಸಿದ್ದೇನೆ. ಓದಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ದೂರು ಇಷ್ಟು. ನಿಮ್ಮಲ್ಲಿ ವಿಮೆ ಮಾಡಿಸಿದ್ದ ಕಾರೊಂದು ನನ್ನ ಮಗಳು ರಿಹಾಬಳ ಬಲಗೈಯನ್ನು ಜಜ್ಜಿತು. ನೀವು ಅವಳ ಪರಿಹಾರದ ಕಡತವನ್ನು ಮುಚ್ಚಿದಿರಿ. ಕಾರಣ, ನಾವು ಡ್ರೈವರನನ್ನು ಕ್ಷಮಿಸಿದೆವು.

ರಿಹಾಬಳಿಗೆ ಇಪ್ಪತ್ತೆಂಟು. ಕಲ್ಲುಚೂರಿನ ಚಿತ್ರ ಮಾಡುವ ಕಾರ್ಖಾನೆಯಲ್ಲಿ ಕೆಲಸ. ಇಕ್ಕಳದಲ್ಲಿ ಕಲ್ಲನ್ನು ಅಕ್ಕಿಕಾಳಿನಷ್ಟು ಕತ್ತರಿಸಿ, ಹಕ್ಕಿಯ ಕಣ್ಣಿಗೆ ಕಪ್ಪು, ಕೊಕ್ಕಿಗೆ ಕೆಂಪು ಎಂದು ಕೂರಿಸುತ್ತಾಳೆ. ಕೂರಿಸುತ್ತಿದ್ದಳು. ಮಧ್ಯಾಹ್ನ ರೊಟ್ಟಿ ತರಲು ಹೊರಗೆ ಬಂದಾಗ ಹಾಯಿಲ್ ಎಂಬವನ ಕಾರು ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ ಅವಳನ್ನು ಗೋಡೆಗೆ ಒತ್ತಿತು. ಪಕ್ಕೆಲುಬು ಕೂಡಿಕೊಂಡಿತು. ಕೈ ಕೂಡಿಕೊಳ್ಳಲಿಲ್ಲ. ತಿಂಗಳ ಕೊನೆಯೊಳಗೆ ಎರಡನೇ ಶಸ್ತ್ರಚಿಕಿತ್ಸೆ ಆಗದಿದ್ದರೆ ನರ ಸೆಟೆದುಹೋಗುತ್ತದೆ, ಮತ್ತೆ ಬೆರಳು ಮಡಚುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಇನ್ನು ಹದಿನೇಳು ದಿನ ಉಳಿದಿದೆ. ನಿಮ್ಮ ಒಪ್ಪಿಗೆ ಪತ್ರವಿಲ್ಲದೆ ಆಸ್ಪತ್ರೆಯವರು ದಿನ ಗೊತ್ತುಮಾಡುವುದಿಲ್ಲ.

ಕ್ಷಮೆಯ ವಿಷಯಕ್ಕೆ ಬರುತ್ತೇನೆ. ಅಪಘಾತದ ಮೂರನೇ ದಿನ ಹಾಯಿಲನ ಕಡೆಯ ನಲವತ್ತು ಗಂಡಸರು, ಶೇಖ್ ಮುಫ್ಲಿಹರನ್ನು ಮುಂದಿಟ್ಟುಕೊಂಡು, ನಮ್ಮ ಅಂಗಳಕ್ಕೆ ಬಂದರು. ನೀವೂ ಈ ನೆಲದವರೇ. ಅಂಥ ಗುಂಪಿನಲ್ಲಿ ತಲೆ ತಗ್ಗಿಸಿ ಕುಳಿತು ಬಂದಿರುತ್ತೀರಿ. ನನ್ನ ಮೈದುನ ಅವಾದ್ ಮೊದಲ ಬಟ್ಟಲು ಕಾಫಿಯನ್ನು ಶೇಖರಿಗೆ ಕೊಟ್ಟ. ಅವರು ಕುಡಿಯದೆ ನೆಲದ ಮೇಲಿಟ್ಟರು. ಕೇಳಿದ್ದು ಸಿಗುವವರೆಗೆ ಆ ಬಟ್ಟಲನ್ನು ಮುಟ್ಟುವಂತಿಲ್ಲ. ತಣ್ಣಗಾದರೆ ಅವಮಾನ ಮನೆಯವರದು. ಅವಾದ್ ನಾನಿದ್ದ ಪರದೆಯ ಕಡೆ ನೋಡಿದ. ಶೇಖರೂ ನೋಡಿದರು.

"ಉಮ್ ಸತ್ತಾಮ್, ನಿನ್ನ ಗಂಡ ಇದ್ದಿದ್ರೆ ಅವನನ್ನ ಕೇಳ್ತಿದ್ವಿ. ಈಗ ನೀನೇ ಈ ಮನೆ ಗಂಡಸು. ಈ ಹುಡುಗನ್ನ ಜೈಲಿಗೆ ಹಾಕಿಸ್ಬೇಡ ತಾಯಿ."

"ಕುಡೀರಿ," ಅಂದೆ. "ಬೇಕು ಅಂತ ಮಾಡಿದ್ದಲ್ಲ. ದೇವರಿಗೋಸ್ಕರ ಬಿಟ್ವಿ, ಬಂದವರ ಮುಖಕ್ಕೋಸ್ಕರ ಬಿಟ್ವಿ."

ನಲವತ್ತು ಬಟ್ಟಲು ಒಟ್ಟಿಗೆ ಬಾಯಿಗೆ ಹೋದವು. ಅವರು ತಂದಿದ್ದ ಲಕೋಟೆಯನ್ನು ತೆರೆಯದೆ ವಾಪಸು ಕಳಿಸಿದೆ. ಮಗಳ ಮೂಳೆಗೆ ನಾನು ಬೆಲೆ ಕಟ್ಟುವವಳಲ್ಲ ಎಂದೆ. ವಾರವಿಡೀ ಬೀದಿ ನನ್ನನ್ನು ಹೊಗಳಿತು. ಸುಳ್ಳೇಕೆ, ಆ ಹೊಗಳಿಕೆ ಸಿಹಿಯಾಗಿತ್ತು. ಆ ದಿನವೇ ಅವರು ತಂದಿದ್ದ ಕಾಗದವನ್ನು ಎರಡು ಸಲ ಓದಿ, 'ನಮ್ಮ ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಿದ್ದೇವೆ' ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ. ಹಕ್ಕು ಎಂದರೆ ನನ್ನ ಪಾಲಿಗೆ ಪೊಲೀಸು, ಜೈಲು, ಎರಡು ಮನೆಗಳ ನಡುವಿನ ಹಗೆ. ನಿಮ್ಮ ಕಂಪನಿ ನನ್ನ ತಲೆಗೆ ಬರಲಿಲ್ಲ. ಹೇಗೆ ಬರಬೇಕು? ಆ ದಿನ ನನ್ನ ಅಂಗಳದಲ್ಲಿ ನೀವಿದ್ದಿರಾ? ನೀವು ಬಟ್ಟಲು ನೆಲಕ್ಕಿಟ್ಟಿರಾ? ಹಾಯಿಲ್ ವರ್ಷವರ್ಷವೂ ನಿಮಗೆ ಕಟ್ಟಿದ್ದು ಇಂಥ ದಿನಕ್ಕಲ್ಲದೆ ಯಾವ ದಿನಕ್ಕೆ? ಬಡವನೊಬ್ಬ ತಲೆ ತಗ್ಗಿಸಿ ಸಂಪಾದಿಸಿದ ಕ್ಷಮೆಯನ್ನು ಅವನ ಜೇಬಿನಿಂದ ಎತ್ತಿ ನಿಮ್ಮ ಜೇಬಿಗಿಟ್ಟುಕೊಂಡಿರಲ್ಲ, ಇದಕ್ಕೆ ನಿಮ್ಮ ನಿಯಮ ಪುಸ್ತಕದಲ್ಲಿ ಏನೆನ್ನುತ್ತಾರೆ?

ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಎರಡು ಸಲ ನೀವು ಸಭೆಯಲ್ಲಿದ್ದಿರಿ. ಮೂರನೇ ಸಲ ನಿಮ್ಮ ಗುಮಾಸ್ತ, ಒಳ್ಳೆಯ ಹುಡುಗನೇ, ದನಿ ತಗ್ಗಿಸಿದ. "ಅಮ್ಮ, ನೀವು ಇಷ್ಟು ದೊಡ್ಡ ಮನಸ್ಸು ಮಾಡದೇ ಇದ್ದಿದ್ರೆ ಈ ಹೊತ್ತಿಗೆ ಎಲ್ಲ ಮುಗ್ದಿರೋದು," ಎಂದ. ಆಮೇಲೆ ಒಂದು ನಮೂನೆ ಮುಂದಿಟ್ಟ. ನಾನು ಓದು ಬಾರದವಳು, ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಮೋಸಹೋದೆ ಎಂದು ಬರೆಸಿ ಹೆಬ್ಬೆಟ್ಟು ಒತ್ತಿದರೆ ಕಡತ ತೆರೆಯಬಹುದಂತೆ. ಮಸಿಯ ಡಬ್ಬಿಯನ್ನೂ ತೆರೆದಿಟ್ಟ.

ನನ್ನ ಹೆಬ್ಬೆರಳು ಡಬ್ಬಿಯವರೆಗೆ ಹೋಯಿತು, ಮಾನ್ಯರೇ. ಅಷ್ಟು ಹತಾಶೆ ನನಗೆ. ಆದರೆ ಮೋಸ ಮಾಡಿದವರು ಯಾರೆಂದು ಬರೆಯಬೇಕಿತ್ತು. ಶೇಖ್ ಮುಫ್ಲಿಹರ ಹೆಸರು ಬರೆಯಬೇಕಿತ್ತು. ಕೈ ಹಿಂದಕ್ಕೆ ಬಂತು. ನಮೂನೆಯನ್ನು ಮಡಚಿಕೊಂಡು ಮನೆಗೆ ತಂದೆ.

ರಿಹಾಬಳಿಗೆ ಅದನ್ನು ತೋರಿಸಿದೆ. ಅವಳು ಎಡಗೈಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಅರ್ಧ ಈರುಳ್ಳಿ ನೆಲದ ಮೇಲಿತ್ತು. ನೀನು ಹೂಂ ಅಂದರೆ ಒತ್ತಿಬಿಡುತ್ತೇನೆ ಎಂದೆ. ಅವಳು ಚಾಕು ಕೆಳಗಿಟ್ಟಳು.

"ಒತ್ತೋದು ಬೇಡ. ಸುಳ್ಳು ಯಾಕಮ್ಮ? ನಿಂಗೆ ಓದೋಕೆ ಬರುತ್ತೆ. ನಿಂಗೆ ಬರದೇ ಇರೋದು ಕೇಳೋಕೆ."

"ಏನು ಕೇಳ್ಬೇಕಿತ್ತು?"

"ನನ್ನನ್ನ. ಅವತ್ತು ನಂಗೆ ಎಚ್ಚರ ಇರ್ಲಿಲ್ಲ, ಸರಿ. ಎರಡು ದಿನ ಕಾಯ್ಬಹುದಿತ್ತು. ಕೈ ನಂದು. ಕಾಫಿ ನಿಂದು."

ಈ ಮನೆಯಲ್ಲಿ ನನಗೆ ಹಾಗೆ ಎದುರು ಹೇಳಿದವರಿಲ್ಲ. ನಾನು ಬಗ್ಗಿ ನೆಲದ ಮೇಲಿನ ಈರುಳ್ಳಿ ಆರಿಸಿದೆ.

ಆ ಇಡೀ ವಾರ ನಾನು ನಿಮ್ಮನ್ನು ಶಪಿಸುವುದನ್ನು ನಿಲ್ಲಿಸಿ ನನ್ನ ಸಹಿಯ ಬಗ್ಗೆ ಯೋಚಿಸಿದೆ. ಇಪ್ಪತ್ತೆಂಟು ವರ್ಷದ ಹೆಣ್ಣಿನ ಬೆರಳುಗಳನ್ನು ದಾನ ಮಾಡಲು ತಾಯಿಗೆ ಯಾರು ಅಧಿಕಾರ ಕೊಟ್ಟರು? ಯಾರೂ ಇಲ್ಲ. ಹಾಗಾದರೆ ನೀವು ಹಿಡಿದುಕೊಂಡಿರುವ ಆ ಕಾಗದದಲ್ಲಿ ನನ್ನ ಹಕ್ಕು ಹೋಗಿದೆ, ಅವಳದಲ್ಲ. ನಿಮ್ಮ ಕಾನೂನು ಪಂಡಿತರಿಗೆ ಇದು ಹೊಳೆಯಲಿಲ್ಲವೇ? ಹೊಳೆದೂ ಸುಮ್ಮನಿದ್ದರೇ? ಗಾಯಗೊಂಡವಳ ಹೆಸರು ಒಂದು, ಸಹಿ ಮಾಡಿದವಳ ಹೆಸರು ಇನ್ನೊಂದು. ಎರಡನ್ನು ಹೋಲಿಸಿ ನೋಡಲು ಹೈಸ್ಕೂಲಿನ ಓದೂ ಬೇಕಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ, ಇದು ದಯೆಯ ಬೇಡಿಕೆಯಲ್ಲ: ರಿಹಾಬಳ ಹೆಸರಿನಲ್ಲಿ ಕಡತ ತೆರೆಯಿರಿ, ಈ ವಾರದೊಳಗೆ ಆಸ್ಪತ್ರೆಗೆ ಒಪ್ಪಿಗೆ ಪತ್ರ ಕಳಿಸಿ. ಮಿಕ್ಕ ವಾದವನ್ನು ಅವಳ ಬೆರಳು ಮಡಚಿದ ಮೇಲೆ ಮಾಡೋಣ. ನನಗೆ ಬೇಕಾದಷ್ಟು ಸಮಯವಿದೆ. ಅವಳಿಗಿಲ್ಲ.

ನನ್ನ ಕಡೆಯಿಂದ ಆಗಬೇಕಾದದ್ದು ಆಗಿದೆ. ಕಳೆದ ಶುಕ್ರವಾರ ಅದೇ ನಲವತ್ತು ಜನರನ್ನು ಅದೇ ಅಂಗಳಕ್ಕೆ ಕರೆಸಿದೆ. ಈ ಸಲ ಪರದೆಯ ಹಿಂದೆ ನಿಲ್ಲಲಿಲ್ಲ. ಹಾಯಿಲನನ್ನು ಕ್ಷಮಿಸಿದ್ದು ಕ್ಷಮಿಸಿದ್ದೇ, ಆದರೆ ನನ್ನದಲ್ಲದ್ದನ್ನು ಕೊಟ್ಟು ಬೀದಿಯಿಂದ ಹೊಗಳಿಸಿಕೊಂಡೆ, ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿದೆ. ಶೇಖ್ ಮುಫ್ಲಿಹರು, "ನಿನ್ನ ಮಗಳನ್ನ ಕೇಳದೇ ಹೋದವರು ನಾವೂ ಹೌದು," ಎಂದು ಅದನ್ನೇ ಬರೆದು ಮೊದಲ ಸಹಿ ಹಾಕಿದರು. ಹಾಯಿಲ್ ಎರಡನೆಯದು ಹಾಕಿದ. ಅವನನ್ನು ನೀನೂ ಕ್ಷಮಿಸುತ್ತೀಯಾ ಎಂದು ಶೇಖರು ನನ್ನ ಪಕ್ಕ ನಿಂತಿದ್ದ ರಿಹಾಬಳನ್ನು ಕೇಳಿದರು. "ಕೈ ನೋಡ್ಕೊಂಡು ಹೇಳ್ತೀನಿ," ಎಂದಳು. ಯಾರೂ ಕಾಫಿ ಮುಟ್ಟಲಿಲ್ಲ, ನಾನೂ ಒತ್ತಾಯಿಸಲಿಲ್ಲ.

ಸೋಮವಾರ ಬೆಳಿಗ್ಗೆ ಆ ಕಾಗದವನ್ನೂ ಅವಳ ಹೊಸ ಅರ್ಜಿಯನ್ನೂ ನಿಮ್ಮ ಕಚೇರಿಗೆ ಕೊಟ್ಟು ಮುದ್ರೆ ಹಾಕಿಸಿಕೊಂಡಿದ್ದೇವೆ. ಅರ್ಜಿಯ ಕೆಳಗೆ ರಿಹಾಬ್ ತನ್ನ ಹೆಸರನ್ನು ತಾನೇ ಬರೆದಳು, ಎಡಗೈಯಲ್ಲಿ. ಅಕ್ಷರಗಳು ಸೊಟ್ಟಗಿವೆ. ಬಹಳ ಹೊತ್ತು ಹಿಡಿಯಿತು. ನಾನು ಪಕ್ಕದಲ್ಲೇ ಕುಳಿತಿದ್ದೆ, ಲೇಖನಿ ಮುಟ್ಟಲಿಲ್ಲ.

ಇಂತಿ,
ಮಗಳ ಕೈಯನ್ನು ಅವಳನ್ನು ಕೇಳದೆ ಕೊಟ್ಟುಬಿಟ್ಟ ತಾಯಿ,
ನೌಫಾ