ಮಾತ್ರೆಯ ಖಾಲಿ ಶೀಟು

ಚೌಳಹಿರಿಯೂರು
೧೨-೮-೨೦೨೫, ಮಂಗಳವಾರ

ಪ್ರೀತಿಯ ತಂಗಿ ಶಾಂಭವಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ಅರಸೀಕೆರೆಯಲ್ಲಿ ಎಲ್ಲರೂ ಕ್ಷೇಮ ತಾನೆ? ಹೋದ ವಾರ ಫೋನಿನಲ್ಲಿ, ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ ಅಂದೆಯಲ್ಲ, ಈಗ ಹೇಗಿದೆ? ಆಗ ನಕ್ಕುಬಿಟ್ಟಿದ್ದೆ. ಈಗ ಆ ಮಾತು ನೆನೆದರೆ ಊಟ ಸೇರುತ್ತಿಲ್ಲ. ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ, ಕೈ ನಡುಗುತ್ತಿದೆ.

ವರಮಹಾಲಕ್ಷ್ಮಿ ಹಬ್ಬದ ದಿನ ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಎಷ್ಟು ಸಣ್ಣಗಾಗಿದ್ದೀಯ, ಏನು ಮಾಡಿದೆ ಅಂತ ಕೇಳಿದ್ದೇ ಕೇಳಿದ್ದು. ನಾನೂ ಬೀಗಿದೆ, ಸುಳ್ಳು ಹೇಳೋದಿಲ್ಲ. ಥೈರಾಯ್ಡ್ ಕಡಿಮೆ ಅಂತ ಒಂಬತ್ತು ವರ್ಷ ಊದಿಕೊಂಡಿದ್ದವಳಲ್ಲವೆ. ಆದರೆ ಪಕ್ಕದ ಮನೆ ಹೇಮಶ್ರೀಗೆ ಕುಂಕುಮ ಇಡಲು ಹೋಗಿ ಮೂಗಿನ ಮೇಲೆ ಇಟ್ಟುಬಿಟ್ಟೆ. ಎಲ್ಲರೂ ನಕ್ಕರು, ನಿಮ್ಮ ಭಾವ ನಗಲಿಲ್ಲ. ಮಾರನೆಯ ದಿನವೇ ಕಡೂರಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆಗೆ ಕೊಡಿಸಿದರು.

ನಿನ್ನೆ ರಿಪೋರ್ಟು ಬಂತು. ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಅಂತ ಡಾಕ್ಟರಮ್ಮ ಕೇಳಿದರೆ ನನಗೆ ನೆನಪೇ ಇಲ್ಲ. ಚೀಟಿ ಎಂದೋ ಕಳೆದುಹೋಯಿತು. ಮಾತ್ರೆ ಮುಗಿದ ಖಾಲಿ ಶೀಟನ್ನೇ ಪರ್ಸಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲಿ ತೋರಿಸಿ, ಇದೇ ಕೊಡಿ ಅನ್ನುತ್ತಿದ್ದೆ. ಅದನ್ನು ಕೇಳಿ ಡಾಕ್ಟರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ನಿಮ್ ಕಾಯಿಲೆ ತಿರುಗ್ಬಿಟ್ಟಿದೆ ಕಣಮ್ಮ. ಕಡಿಮೆ ಇದ್ದಿದ್ದು ಈಗ ಜಾಸ್ತಿ ಆಗಿದೆ, ಅದ್ರ ಮೇಲೆ ಆ ಮಾತ್ರೇನೂ ನುಂಗ್ತಿದೀರ. ಹೃದಯ ಎಷ್ಟೂಂತ ತಡ್ಕೊಳ್ಳುತ್ತೆ?" ಅಂದರು. ಹೀಗೂ ತಿರುಗುತ್ತದೆ ಅಂತ ನನಗೇನು ಗೊತ್ತು. ಆ ಮಾತ್ರೆ ಬಿಡಿಸಿ ಬೇರೆ ಔಷಧಿ ಕೊಟ್ಟಿದ್ದಾರೆ. ಮಲಗಿದರೆ ದಿಂಬಿನೊಳಗೆ ಎದೆಬಡಿತವೇ ಕೇಳಿಸುತ್ತದೆ. ಹೆದರಿಕೆ ಆಗುತ್ತೆ ಕಣೇ. ಇದು ನನ್ನೊಬ್ಬಳದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಅತ್ತೆಯವರಿಗೆ ನನ್ನ ಶರಣು ತಿಳಿಸು. ಕೃತಿಕಾ ಪುಟ್ಟಿಗೆ ಒಂದು ಮುತ್ತು.

ನಿನ್ನ ಅಕ್ಕ
ಮಲ್ಲಿಕಾಂಬ

ತಾ.ಕ.: ಇದನ್ನು ಮೇಲೆ ಬರೆಯಲು ಮರೆತಿದ್ದೆ ಅಂದರೆ ಸುಳ್ಳಾಗುತ್ತದೆ, ಧೈರ್ಯ ಸಾಲಲಿಲ್ಲ. ಯುಗಾದಿಗೆ ಬಂದಾಗ ಸುಸ್ತು, ದಪ್ಪ ಆಗ್ತಿದೀನಿ ಅಂತ ನೀನು ಅತ್ತಾಗ, "ನಂದೇ ಕಾಯಿಲೆ ಕಣೇ, ಡಾಕ್ಟ್ರು ಯಾಕೆ, ಇದನ್ನ ತೋರ್ಸು ಸಾಕು" ಅಂತ ನಿನ್ನ ಕೈಗೂ ಒಂದು ಖಾಲಿ ಶೀಟು ಇಟ್ಟೆನಲ್ಲ. ನಿನಗೆ ಪರೀಕ್ಷೆಯೇ ಆಗಿರಲಿಲ್ಲ. ಎರಡು ಸಲ ಫೋನಿಗೆ ಕೈಹಾಕಿದೆ. ನೀನು ಸ್ಪೀಕರ್ ಹಾಕುತ್ತೀಯ, ನಿಮ್ಮ ಮನೆಯವರೆಲ್ಲ ಕೇಳುವಂತೆ ಹೇಳಲು ನಾಚಿಕೆಯಾಯಿತು. ಅದಕ್ಕೇ ಈ ಕಾಗದವನ್ನು ನಿಮ್ಮ ಭಾವನ ಕೈಯಲ್ಲಿ ಕಳಿಸಿದ್ದೇನೆ, ಓದುವಾಗ ನಿನ್ನೆದುರಿಗೇ ನಿಂತಿರುತ್ತಾರೆ. ಇನ್ನು ಒಂದೇ ಒಂದು ಮಾತ್ರೆ ಬಾಯಿಗೆ ಹಾಕಬೇಡ. ಕಾಫಿಗೂ ಕಾಯದೆ ಅವರ ಜೊತೆ ಆಸ್ಪತ್ರೆಗೆ ಹೊರಡು. ಆಮೇಲೆ ಬೈಯುವುದಕ್ಕಾದರೂ ಫೋನ್ ಮಾಡು. ಸ್ಪೀಕರ್ ಹಾಕಿಕೊಂಡೇ ಬೈಯಿ.