ಕೊಳವೆಗೆ ಬಾಯಿ ಹಚ್ಚದ ದಿನಗಳು

ಕೊನ್ಸೆಪ್ಸಿಯೋನ್, ಪರಾಗ್ವೆ
ಜೂನ್ ೧೨, ೨೦೧೯

ಪ್ರೀತಿಯ ಅಕ್ಕ ನಿಮಿಯಾ,

ನದಿಯುದ್ದಕ್ಕೂ ಎಲ್ಲರಿಗೂ ನೀನು ಸಿಸ್ಟರ್ ನಿಮಿಯಾ ಇರಬಹುದು, ನನಗೆ ಮಾತ್ರ ಜಡೆ ಹಾಕುವಾಗ ಕೂದಲು ಕಿತ್ತು ಅಳಿಸುತ್ತಿದ್ದ ಅಕ್ಕನೇ. ನೀನೂ ನಿನ್ನ ಮಿಷನ್ ಶಾಲೆಯ ಹುಡುಗಿಯರೂ ಆ ಸೋಮಾರಿ ನಾಯಿಯೂ ಸುಖವಾಗಿದ್ದೀರೆಂದು ನಂಬಿದ್ದೇನೆ. ಬೈಯಬೇಡ. ಜನವರಿಯ ಬೇಸಿಗೆಯಿಂದ ಈಚೆಗೆ ನಿನಗೆ ಒಂದಕ್ಷರ ಬರೆದಿಲ್ಲ. ನಿನ್ನ ಚಾಕೊ ಕಡೆಗೆ ಹೋಗುವ ಲಾಂಚು ಪ್ರತಿವಾರ ನನ್ನ ಕಣ್ಣೆದುರಿಗೇ ಹೊರಡುತ್ತಿತ್ತು, ನಾನು ನೋಡುತ್ತಾ ಕೂತಿರುತ್ತಿದ್ದೆ. ಹೋದ ವಾರ ಲಾಂಚಿನ ಅಡುಗೆಯವನು ಮಾರುಕಟ್ಟೆಯಲ್ಲಿ ನನ್ನ ಅಂಗಡಿ ಮುಂದೆ ನಿಂತು, ಹತ್ತೂ ಜನಕ್ಕೆ ಕೇಳುವ ಹಾಗೆ, "ಸುನಿಲ್ಡಾ, ನಿಮ್ಮಕ್ಕ ಕೇಳ್ತಿದ್ದಾರೆ, ನೀನು ಸತ್ತಿದ್ದೀಯೋ ಇಲ್ಲ ಕೊಬ್ಬಿದ್ದೀಯೋ ಅಂತ" ಎಂದ. ಸತ್ತಿಲ್ಲ ಅಕ್ಕ. ಕೊಬ್ಬುವಂಥದ್ದೂ ಏನಿಲ್ಲ. ಅದೇ ಬೇರು-ಸೊಪ್ಪಿನ ಅಂಗಡಿ, ಅದೇ ಒರಳು, ಬೆಳಗಿನಿಂದ ಅದೇ ಕುಟ್ಟುವ ಕೆಲಸ.

ಒಳ್ಳೆಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಗಾಬರಿಯಲ್ಲಿ ಕೊನೆಯ ಹಾಳೆಗೆ ಹಾರುತ್ತೀಯ. ನನಗೊಂದು ಕಾಯಿಲೆ ಬಂದಿತ್ತು. ಚಿಕಿತ್ಸೆ ಆಯಿತು. ಈಗ ಚೆನ್ನಾಗಿದ್ದೇನೆ. ಇನ್ನು ನಿಧಾನವಾಗಿ ಓದು.

ಜನವರಿಯಲ್ಲಿ ಆರೋಗ್ಯ ಕೇಂದ್ರದ ನರ್ಸ್ ಎದಿತ್ ಮಾರುಕಟ್ಟೆಯ ಹೆಂಗಸರನ್ನೆಲ್ಲ ಪರೀಕ್ಷೆಗೆಂದು ದಬ್ಬಿಕೊಂಡು ಹೋದಳು. ನಾನು ಹೋಗಿದ್ದು ಬೇರೆ ಆಸೆಗೆ. ವಿಲ್ಫ್ರಿದೊನನ್ನು ಕಟ್ಟಿಕೊಂಡು ಮೂರು ವರ್ಷವಾಯಿತು, ಇನ್ನೂ ಮಗುವಿಲ್ಲ, ಏನಾದರೂ ಮಾತ್ರೆ ಗೀತ್ರೆ ಕೊಟ್ಟಾಳು ಎಂದುಕೊಂಡಿದ್ದೆ. ಮಾತ್ರೆ ಸಿಗಲಿಲ್ಲ. ಕೆಲವು ವಾರ ಬಿಟ್ಟು ಕರೆಸಿ, ನನ್ನೊಳಗೆ ಎಚ್‌ಪಿವಿ ಎಂಬ ವೈರಸ್ ಇದೆ ಎಂದು ಹೇಳಿ ದೊಡ್ಡಾಸ್ಪತ್ರೆಗೆ ಕಳಿಸಿದಳು. ಅಲ್ಲಿ ಡಾಕ್ಟರು ದೀಪ ಬಿಟ್ಟು ನೋಡಿ, ಒಂದು ಚೂರು ಚಿವುಟಿ ಪರೀಕ್ಷೆಗೆ ಕಳಿಸಿದರು. ಗರ್ಭಕೋಶದ ಬಾಯಲ್ಲಿ ಒಂದಷ್ಟು ಜಾಗ ಕೆಟ್ಟಿದೆ, ಕ್ಯಾನ್ಸರ್ ಅಲ್ಲ, ಹಾಗೇ ಬಿಟ್ಟರೆ ಆಗಬಹುದು, ಕತ್ತರಿಸಿ ತೆಗೆಯಬೇಕು ಎಂದರು.

"ನಂಗೆ ಮಕ್ಕಳಾಗತ್ತಾ ಡಾಕ್ಟ್ರೇ?" ಎಂದೆ.

ಅವರು ಕಂಪ್ಯೂಟರು ನೋಡಿಕೊಂಡೇ ಏನೋ ಹೇಳಿದರು. ಕತ್ತರಿಸಬೇಕು ಎಂದ ಕ್ಷಣದಿಂದ ನನ್ನ ಕಿವಿ ಮುಚ್ಚಿಹೋಗಿತ್ತು. ದಿನ ಬೆಳಗಾದರೆ ಎಷ್ಟೋ ಹೆಂಗಸರು ನನ್ನ ಅಂಗಡಿಗೆ ಬಂದು ದನಿ ತಗ್ಗಿಸಿ, "ಬಸಿರು ನಿಲ್ಲೋದಕ್ಕೆ ಏನಾದ್ರೂ ಕೊಡೇ" ಎನ್ನುತ್ತಾರೆ, ನಾನೂ ದೊಡ್ಡ ಪಂಡಿತೆಯ ಹಾಗೆ ಕುಟ್ಟಿ ಕೊಡುತ್ತೇನೆ. ಅವತ್ತು ಬಸ್ಸಿನಲ್ಲಿ ಕೂತು ಅವರ ಮುಖಗಳನ್ನೆಲ್ಲ ನೆನೆಸಿಕೊಂಡೆ. ತುಂಬ ನಾಚಿಕೆಯಾಯಿತು, ಯಾಕೆಂದು ಗೊತ್ತಿಲ್ಲ.

ಆಮೇಲೆ ನಾನು ಮಾಡಿದ ಪೆದ್ದು ಕೆಲಸ ಕೇಳು. ಸಂಜೆ ಮನೆಯಲ್ಲಿ ಎಲ್ಲರೂ ಮಾವಿನ ಮರದ ಕೆಳಗೆ ತೆರೆರೆ ಕುಡಿಯಲು ಕೂತಿದ್ದರು. ನಮ್ಮತ್ತೆ ನ್ಯಾ ಫಿದೆಲಿನಾ ಎಂದಿನ ಹಾಗೆ ಕೊಂಬಿನ ಲೋಟದ ಸೊಪ್ಪಿನ ಮೇಲೆ ತಣ್ಣೀರು ಸುರಿಯುತ್ತಾ ಒಬ್ಬೊಬ್ಬರಿಗೇ ದಾಟಿಸುತ್ತಿದ್ದಳು. ಇಡೀ ಮನೆಗೆ ಒಂದೇ ಲೋಟ, ಹೀರಲು ಒಂದೇ ಕೊಳವೆ. ನನ್ನ ಸರದಿ ಬಂತು. ಈ ಕೊಳವೆಗೆ ನಾನು ಬಾಯಿ ಹಚ್ಚಿದರೆ ನನ್ನ ರೋಗ ಮನೆಗೆಲ್ಲ ಅಂಟುತ್ತದೆ ಎಂದು ಅನ್ನಿಸಿಬಿಟ್ಟಿತು. ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡೆ. "ಗ್ರಾಸಿಯಾಸ್" ಎಂದು ಕೈ ಹಿಂದಕ್ಕೆ ತೆಗೆದೆ. ನಮ್ಮಲ್ಲಿ ತೆರೆರೆ ಕುಡಿಯುವಾಗ ಥ್ಯಾಂಕ್ಸ್ ಹೇಳಿದರೆ ಸಾಕು ಎಂದು ತಾನೇ ಅರ್ಥ, ಆದರೆ ಒಂದು ಗುಟುಕೂ ಕುಡಿಯದೆ ಸಾಕು ಎನ್ನುವವರು ಯಾರಿದ್ದಾರೆ? ಎಲ್ಲರೂ ನನ್ನ ಮುಖ ನೋಡಿದರು. ಮಾರನೆಯ ದಿನವೂ ಹಾಗೇ ಮಾಡಿದೆ. ಮೂರನೆಯ ದಿನ ನನ್ನದೇ ಒಂದು ಗಾಜಿನ ಲೋಟ ತಂದು ಬೇರೆ ಕೂತೆ.

"ಏನಮ್ಮಾ, ಮಹಾರಾಣಿಗೆ ನಮ್ಮ ಎಂಜಲು ಆಗ್ಬರಲ್ವೋ?" ಎಂದಳು ಅತ್ತೆ.

ಪಕ್ಕದ ಮನೆಯ ಎಲೋಯಿಸಾ ಇದ್ದಾಳಲ್ಲ, ಎಲ್ಲದರಲ್ಲೂ ಮೂಗು ತೂರಿಸುವವಳು, ಅವಳು ಅತ್ತೆಯ ತೊಡೆ ತಟ್ಟಿ, "ಅಯ್ಯೋ ದಡ್ಡೀ, ಅಷ್ಟೂ ಗೊತ್ತಾಗಲ್ವಾ? ಸೊಪ್ಪಿನ ವಾಸನೆಗೆ ವಾಕರಿಕೆ ಬರ್ತಿದೆ ಅವಳಿಗೆ! ಅಜ್ಜಿ ಆಗ್ತಿದ್ದೀಯ ಕಣೇ!" ಎಂದಳು.

ಅಕ್ಕ, ನಾನು ಆಗಲೇ ಬಾಯಿ ಬಿಡಬೇಕಿತ್ತು. ಅತ್ತೆಯ ಮುಖ ಒಂದೇ ಕ್ಷಣದಲ್ಲಿ ಹೇಗಾಯಿತೆಂದರೆ, ಅದನ್ನು ನೋಡಿ ಯಾರಿಗೂ "ಅಲ್ಲ" ಎನ್ನಲು ಮನಸ್ಸು ಬರುತ್ತಿರಲಿಲ್ಲ. ಅವತ್ತಿನಿಂದ ನನಗೆ ರಾಜೋಪಚಾರ. ಒರಳು ಮುಟ್ಟಲು ಬಿಡಲಿಲ್ಲ. ನೀರಿನ ಕೊಡ ಎತ್ತಿದರೆ ಕಿರುಚುತ್ತಿದ್ದಳು. ವಿಲ್ಫ್ರಿದೊ ಗ್ಯಾರೇಜಿನಿಂದ ಬರುವಾಗ ದಾರಿಯುದ್ದಕ್ಕೂ ಸಿಳ್ಳೆ ಹಾಕಿಕೊಂಡು ಬರುತ್ತಿದ್ದ. ಭಾನುವಾರ ಅತ್ತೆ ತಾನು ಮುದ್ದಿನಿಂದ ಸಾಕಿದ್ದ ಹೇಂಟೆಯನ್ನು ಕೊಯ್ದು ಸಾರು ಮಾಡಿ, ಬಟ್ಟಲನ್ನು ನನ್ನ ಮುಂದಿಟ್ಟು, "ಕುಡಿ ಮಗಳೇ, ಇದು ನಿನಗಲ್ಲ, ನನ್ನ ಮೊಮ್ಮಗನಿಗೆ" ಎಂದಳು.

ನಾನು ಆ ಬಟ್ಟಲ ಮುಂದೆ ಹೋ ಎಂದು ಅಳತೊಡಗಿದೆ. ಎಲ್ಲ ಹೇಳಿಬಿಟ್ಟೆ. ಬಸುರಿಲ್ಲ, ಇನ್ನು ಮೇಲೆ ಆಗುತ್ತದೋ ಇಲ್ಲವೋ ಗೊತ್ತಿಲ್ಲ, ಒಳಗೆ ಕತ್ತರಿಸುತ್ತಾರಂತೆ, ರೋಗ ನಿಮಗೂ ಅಂಟದಿರಲಿ ಎಂದು ಬೇರೆ ಲೋಟ ಇಟ್ಟುಕೊಂಡೆ ಎಂದೆ. ವಿಲ್ಫ್ರಿದೊ, "ಇದು ಎಲ್ಲಿಂದ ಬಂತು ನಿಂಗೆ?" ಎಂದ. ನನಗೂ ಸಿಟ್ಟು ನೆತ್ತಿಗೇರಿತು. "ನಿನ್ನನ್ನೇ ಕೇಳ್ಕೋ" ಎಂದೆ. ಅವನು ಊಟ ಬಿಟ್ಟು ಎದ್ದು ಹೋದ. ಅತ್ತೆ ಮಾತ್ರ ಅಲ್ಲಾಡದೆ ಕೂತಿದ್ದಳು.

"ಕೊಳವೆಯಿಂದ ಅಂಟುತ್ತೆ ಅಂತ ಯಾರಂದ್ರು?"

"ಯಾರೂ ಅನ್ಲಿಲ್ಲ. ನಾನೇ ಅಂದ್ಕೊಂಡೆ."

"ನೀನೇ ಅಂದ್ಕೊಂಡ್ಯಾ. ಸರಿ. ಸಾರು ಕುಡಿ. ಕೋಳಿ ಅಂತೂ ಸತ್ತಾಯ್ತು. ನಾಳೆ ಆ ನರ್ಸಮ್ಮನ್ನ ನಾನೇ ಕೇಳ್ತೀನಿ."

ಸೋಮವಾರ ಬೆಳಿಗ್ಗೆ ಚರ್ಚಿಗೆ ಹಾಕುವ ಬೂಟು ಮೆಟ್ಟಿಕೊಂಡು, ನನ್ನ ಮಣಿಕಟ್ಟು ಹಿಡಿದು, ಇಡೀ ಮಾರುಕಟ್ಟೆಯ ನಡುವೆ ನಡೆಸಿಕೊಂಡು ಹೋದಳು. ಎದಿತ್‌ಳ ಕೋಣೆಯಲ್ಲಿ ಕೂತವಳೇ, ಹೊರಗೆ ಸಾಲಿನಲ್ಲಿದ್ದವರಿಗೂ ಕೇಳುವ ಹಾಗೆ ವಿಚಾರಣೆ ಶುರು ಮಾಡಿದಳು. ಎದಿತ್ ಪಾಪ, ಒಂದಕ್ಕೂ ನಗಲಿಲ್ಲ. ಲೋಟದಿಂದ, ಕೊಳವೆಯಿಂದ, ಟವೆಲಿನಿಂದ ಬರುವುದಲ್ಲ, ಹಾಸಿಗೆಯಿಂದ ಬರುವುದು ಎಂದಳು. ಅತ್ತೆಯ ಹುಬ್ಬು ಮೇಲೇರಿತು. "ಹಾಗಾದ್ರೆ ನನ್ನ ಮಗನೇ ಎಲ್ಲೋ..." ಎಂದಳು.

"ಅದನ್ನ ಯಾರೂ ಹೇಳಕ್ಕಾಗಲ್ಲ ನ್ಯಾ ಫಿದೆಲಿನಾ," ಎಂದಳು ಎದಿತ್. "ಮಂಚ ಹತ್ತಿದವರಲ್ಲಿ ಮುಕ್ಕಾಲು ಜನಕ್ಕೆ ಒಂದಲ್ಲ ಒಂದು ಸಲ ಬಂದೇ ಇರುತ್ತೆ. ಸುಮಾರು ಜನಕ್ಕೆ ತಾನಾಗೇ ಹೋಗುತ್ತೆ. ಕೆಲವರಲ್ಲಿ ಹತ್ತು ವರ್ಷ, ಇಪ್ಪತ್ತು ವರ್ಷ ಸದ್ದಿಲ್ಲದೆ ಕೂತಿರುತ್ತೆ. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡೋಕೆ ಮುಂಚೆನೇ ಬಂದಿರಬಹುದು. ಮನೆಗೆ ಹೋಗಿ ಯಾರು ಕೊಟ್ಟಿದ್ದು ಅಂತ ಜಗಳ ಆಡಬೇಡಿ. ಉತ್ತರ ಸಿಗಲ್ಲ."

ಆಮೇಲೆ ನನಗೆ ಕೇಳಲು ಧೈರ್ಯವಿಲ್ಲದ ಪ್ರಶ್ನೆಯನ್ನು ಅತ್ತೆಯೇ ಕೇಳಿದಳು. ಎದಿತ್ ಒಂದು ಸೀಬೆಹಣ್ಣು ತೆಗೆದು ಹೊಟ್ಟೆಯ ಮೇಲೆ ತಲೆಕೆಳಗಾಗಿ ಇಟ್ಟುಕೊಂಡು ತೋರಿಸಿದಳು. ತೆಗೆಯುವುದು ತುದಿಯ ಇಷ್ಟೇ ಇಷ್ಟು, ಹಣ್ಣು ಹಾಗೇ ಇರುತ್ತದೆ. ಈ ವೈರಸ್ಸಿನಿಂದ ಬಂಜೆಯಾಗುವುದಿಲ್ಲ. ಬಸಿರು ನಿಂತರೆ ಮಗು ಒಂದಿಷ್ಟು ಬೇಗ ಬರಬಹುದು, ಆದ್ದರಿಂದ ಆಗಾಗ ಅಳತೆ ನೋಡುತ್ತಾರೆ, ಬೇಕಾದರೆ ಒಂದು ಹೊಲಿಗೆ ಹಾಕುತ್ತಾರೆ. ಮೂರು ವರ್ಷದಿಂದ ಯಾಕೆ ಆಗಿಲ್ಲ ಎಂಬುದು ಬೇರೆ ವಿಷಯ, ಅದನ್ನು ಆಮೇಲೆ ಗಂಡ ಹೆಂಡತಿ ಇಬ್ಬರನ್ನೂ ನೋಡಿ ಹೇಳಬೇಕು ಎಂದಳು. ಆಗುತ್ತದೆ ಎಂದು ಮಾತು ಕೊಡಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ.

"ಬೇಗ ಬಂದ್ರೆ ಬರ್ಲಿ ಬಿಡಿ," ಎಂದಳು ಅತ್ತೆ. "ನಾನು ಏಳೇ ತಿಂಗಳಿಗೆ ಹುಟ್ಟಿದವಳು. ಈಗ ನೋಡಿ, ಯಾವ ಕುರ್ಚಿಲೂ ಹಿಡಿಯಲ್ಲ."

ಎದ್ದು ಹೊರಡುವಾಗ ಎದಿತ್ ಬಾಗಿಲಿಗೆ ಅಡ್ಡ ನಿಂತು, "ನಿಮ್ಮದು ಯಾವಾಗ ಪರೀಕ್ಷೆ ಆಗಿತ್ತು?" ಎಂದಳು. ಅತ್ತೆ ಈ ವಯಸ್ಸಿಗೆ ಇದೆಲ್ಲ ಏನು, ಗಂಡ ಹೋಗಿ ಕಾಲವಾಯಿತು, ಒಲೆ ಮೇಲೆ ಮರಗೆಣಸು ಇಟ್ಟು ಬಂದಿದ್ದೇನೆ ಎಂದು ಏನೇನೋ ನೆಪ ಹೇಳಿದಳು. ಕೊನೆಗೆ ಪರದೆಯ ಹಿಂದೆ ಹೋದಳು. ಹೊರಗೆ ಬಂದು ಸ್ಕರ್ಟು ಸರಿಮಾಡಿಕೊಳ್ಳುತ್ತಾ ಸಾಲಿನಲ್ಲಿದ್ದ ಹೆಂಗಸರಿಗೆ, "ಏನೂ ಆಗಲ್ಲ ಕಣ್ರೇ, ಕಿವಿ ಚುಚ್ಚಿಸ್ಕೊಂಡಷ್ಟೂ ನೋವಿಲ್ಲ" ಎಂದು ಸಾರಿಯೇ ಬಂದಳು. ಅವಳ ಫಲಿತಾಂಶ ಚೆನ್ನಾಗಿ ಬಂದಿದೆ, ಅದನ್ನೂ ಊರಿಗೆಲ್ಲ ಹೇಳಿ ಮುಗಿಸಿದ್ದಾಳೆ.

ಅವತ್ತು ಸಂಜೆ ಮಾವಿನ ಮರದ ಕೆಳಗೆ ಎಲ್ಲರೂ ಸೇರಿದಾಗ, ಎಲೋಯಿಸಾ ಕೂಡ ಇದ್ದಾಗ, ಅತ್ತೆ ಲೋಟಕ್ಕೆ ನೀರು ಸುರಿದು ಮೊದಲು ನನಗೇ ಕೊಟ್ಟಳು. ನಾನು ಹೀರಿದೆ. ಕೊಳವೆ ಒರೆಸಲು ಸ್ಕರ್ಟಿನ ಅಂಚು ಎತ್ತಿದರೆ ಕೈಗೆ ಒಂದು ಏಟು ಹಾಕಿ ಲೋಟ ಕಿತ್ತುಕೊಂಡಳು. ಹಾಗೇ ತನ್ನ ಬಾಯಿಗೆ ಇಟ್ಟುಕೊಂಡು ತಳ ಸದ್ದಾಗುವ ತನಕ ಕುಡಿದಳು. ಎಲೋಯಿಸಾ ತನ್ನ ಸರದಿ ಬಂದಾಗ ಸ್ವಲ್ಪ ಮೂತಿ ತಿರುವಿದಳು. "ನಿಂಗೆ ಬೇಡ್ವಾದ್ರೆ ಗ್ರಾಸಿಯಾಸ್ ಅಂತ ಹೇಳಿ ಮನೆಗೆ ಹೋಗು" ಎಂದಳು ಅತ್ತೆ. ಎಲೋಯಿಸಾ ತೆಪ್ಪಗೆ ಕುಡಿದಳು. ಅಕ್ಕ, ಆ ಮುದುಕಿಯ ಋಣ ನಾನು ಯಾವ ಜನ್ಮದಲ್ಲಿ ತೀರಿಸಲಿ?

ವಿಲ್ಫ್ರಿದೊ ಒಂದು ವಾರ ಜಗಲಿಯ ಜೋಲಿಯಲ್ಲೇ ಮಲಗಿದ. ಎದಿತ್ ಹೇಳಿದ್ದನ್ನು ಅತ್ತೆಯೇ ಅವನ ತಲೆಗೆ ಹಾಕಿರಬೇಕು. ಆಪರೇಷನ್ನಿನ ದಿನ ನಾನು ಕರೆಯಲಿಲ್ಲ, ಅವನೇ ಗ್ಯಾರೇಜಿಗೆ ರಜೆ ಹಾಕಿ, ಕೈಯ ಗ್ರೀಸು ಉಜ್ಜಿ ಉಜ್ಜಿ ಕೆಂಪಗೆ ಮಾಡಿಕೊಂಡು ಜೊತೆಗೆ ಹೊರಟ. ಬೆಂಚಿನ ಮೇಲೆ ಕೂತಾಗ, "ಮಗು ಬಂದ್ರೆ ಬರ್ಲಿ. ಮೊದ್ಲು ನೀನು ಇರು. ನೀನಿಲ್ದೆ ನಂಗೆ ಮನೆಗೆ ಬರೋಕೇ ಆಗಲ್ಲ" ಎಂದ. ಮದುವೆಯಾದಾಗಿನಿಂದ ಇಷ್ಟುದ್ದ ಮಾತು ಅವನು ಆಡಿದ್ದಿಲ್ಲ. ಒಳಗೆ ಸೂಜಿ ಚುಚ್ಚಿದರು, ಸುಟ್ಟ ಕೂದಲಿನಂಥ ವಾಸನೆ ಬಂತು, ಬೇಗನೇ ಮುಗಿಯಿತು. ಹೊರಗೆ ಬಂದಾಗ ಅವನು ಎರಡು ಚಿಪಾ ರೊಟ್ಟಿ ಹಿಡಿದು ನಿಂತಿದ್ದ. ಬಿಸಿ ಬಿಸಿಯಾಗಿತ್ತು, ಇಬ್ಬರೂ ರಸ್ತೆಯಲ್ಲೇ ನಿಂತು ತಿಂದೆವು.

ತೆಗೆದ ಭಾಗದ ಅಂಚು ಶುದ್ಧವಾಗಿದೆ ಎಂದು ಹೋದ ವಾರ ವರದಿ ಬಂತು. ಡಾಕ್ಟರು ಈ ಸಲ ನನ್ನ ಮುಖ ನೋಡಿ ಮಾತಾಡಿದರು. ಇನ್ನು ಆರು ತಿಂಗಳಿಗೆ ಮತ್ತೆ ಪರೀಕ್ಷೆ, ಅಲ್ಲಿಯವರೆಗೆ ಕಾಯಬೇಕು. ಮಗು ಆಗುತ್ತದೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ ಅಕ್ಕ. ಮಾರುಕಟ್ಟೆಯಲ್ಲಿ ಯಾರಾದರೂ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಈರುಳ್ಳಿ ತರಲು ಹೋದರೆ ಎದೆ ಹಿಂಡುತ್ತದೆ. ಆದರೂ ಸಂತೋಷವಾಗಿದ್ದೇನೆ. ಸಮಯಕ್ಕೆ ಸರಿಯಾಗಿ ನೋಡಿದರಲ್ಲ, ಬದುಕಿದ್ದೇನಲ್ಲ, ಮನೆಯವರೆಲ್ಲ ನನ್ನ ಎಂಜಲು ಕುಡಿಯುತ್ತಾರಲ್ಲ. ದಿನಾ ಬೆಳಿಗ್ಗೆ ಇದನ್ನೇ ಕನ್ಯಾಮರಿಯಮ್ಮನಿಗೆ ಹೇಳುತ್ತೇನೆ, ಕೇಳಿ ಕೇಳಿ ಅವಳಿಗೂ ಸಾಕಾಗಿರಬೇಕು.

ನಿನ್ನ ಶಾಲೆಯ ಹತ್ತು ವರ್ಷದ ಹುಡುಗಿಯರಿಗೆ ಇದಕ್ಕೆ ಲಸಿಕೆ ಇದೆಯಂತೆ. ಆರೋಗ್ಯದವರು ಲಾಂಚಿನಲ್ಲಿ ಬಂದಾಗ ಅವರನ್ನು ಕಾಡಿಗೆ ಓಡಲು ಬಿಡಬೇಡ, ಒಬ್ಬೊಬ್ಬರನ್ನೇ ಹಿಡಿದು ಹಾಕಿಸು. ಅವರೆಲ್ಲರಿಗೂ ನನ್ನ ಮುತ್ತು. ದೇವರು ನಿನ್ನ ಮಂಡಿನೋವು ಕಡಿಮೆ ಮಾಡಲಿ, ನಿನ್ನ ಛಾವಣಿ ಸೋರದಿರಲಿ, ನಿನ್ನ ತೋಟದ ಕಲ್ಲಂಗಡಿಯನ್ನು ಕೋತಿಗಳು ಮುಟ್ಟದಿರಲಿ. ನನ್ನ ತಲೆಯ ಮೇಲೆ ದೂರದಿಂದಲೇ ಕೈಯಿಟ್ಟು ಹರಸು.

ನಿನ್ನ ತಂಗಿ
ಸುನಿಲ್ಡಾ

ಮತ್ತೊಂದು ಮಾತು: ಆಗಸ್ಟಿನಲ್ಲಿ ನಿಮ್ಮ ಸಿಸ್ಟರುಗಳ ಸಭೆಗೆ ಇಲ್ಲಿಗೆ ಬರುತ್ತೀಯಲ್ಲ, ಒಂದು ವಾರ ಮೊದಲೇ ಬಾ. ಎದಿತ್ ಹತ್ತಿರ ನಿನ್ನ ಪರೀಕ್ಷೆಗೂ ಹೇಳಿಟ್ಟಿದ್ದೇನೆ. ಸನ್ಯಾಸಿನಿಗೆ ಯಾಕೆ ಇದು ಎಂದು ನೀನು ಕೇಳುತ್ತೀಯ. ಅದಕ್ಕೆ ಏನು ಬರೆಯುವುದೆಂದು ತಿಳಿಯದೆ ಇಷ್ಟು ತಿಂಗಳು ಕಾಗದವನ್ನೇ ಬರೆಯಲಿಲ್ಲ. ಓರ್ಕೆತಾ ಊರಿನ ಚಿಕ್ಕಮ್ಮನ ಮನೆಯಲ್ಲಿ ನೀನು ಮಲಗಿದ್ದ ಆ ಚಳಿಗಾಲ ನನಗೆ ಒಂಬತ್ತು ವರ್ಷ. ಅಪೆಂಡಿಕ್ಸ್ ಎಂದು ಅಮ್ಮ ಎಲ್ಲರಿಗೂ ಹೇಳಿದಳು. ನನ್ನನ್ನು ನೀರು ಸೇದಲು ಕಳಿಸಿದ್ದರು, ನಾನು ಬೇಗ ಬಂದುಬಿಟ್ಟೆ, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಚಿಕ್ಕಮ್ಮ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಅದು ಅಳಲಿಲ್ಲ. "ಒಂದ್ಸಲ ಕೊಡಮ್ಮಾ, ಒಂದೇ ಸಲ" ಎಂದು ನೀನು ಕೈ ಚಾಚುತ್ತಿದ್ದೆ. ಅಮ್ಮ ಕೊಡಲಿಲ್ಲ. ಮಗುವಾಗದೇನೋ ಎಂದು ನಾನು ಅತ್ತಾಗ ನನ್ನ ಸುತ್ತ ಒಂದು ಮನೆ ಜನ ಇದ್ದರು. ನಿನಗೆ ಒಬ್ಬರೂ ಇರಲಿಲ್ಲ. ಅವನು ಯಾರೆಂದು ನಾನು ಕೇಳುವುದಿಲ್ಲ, ಎದಿತ್ ಕೂಡ ಕೇಳುವುದಿಲ್ಲ. ನೀನು ಬಾ, ಅಷ್ಟೇ ಸಾಕು. ಅದು ಗಂಡೋ ಹೆಣ್ಣೋ ಅಂತ ನಿನಗಾದರೂ ಹೇಳಿದರಾ, ಅಕ್ಕ?