ಕೆಂಪು ಗುಳಿಗೆಯನ್ನು ತುಟಿಗೆ ಬಳಿದುಕೊಂಡ ಹುಡುಗಿಯರ ಪರವಾಗಿ

ಜಿಲ್ಲೆಯ ಆರೋಗ್ಯ ಸಾಹೇಬರೇ,

ಮಲಗಿದರೆ ನಿಮ್ಮ ಜೀಪೇ ಕನಸಿಗೆ ಬರುತ್ತದೆ. ಅದರ ಬಾಗಿಲ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಕೇರಿಯ ಹುಡುಗಿಯರೆಲ್ಲ ಜೋಳದ ಹೊಲ ಹೊಕ್ಕು ಮರೆಯಾಗುತ್ತಾರೆ. ನನ್ನ ತಂಗಿಯ ಮಗಳು ಹೊನ್ನಿ ಮಾತ್ರ ಓಡಲು ತ್ರಾಣವಿಲ್ಲದೆ ದಾರಿಯಲ್ಲೇ ಕೂತುಬಿಡುತ್ತಾಳೆ. ನನ್ನ ದೂರು ಇಷ್ಟೆ: ಹದಿನಾಲ್ಕರ ಆ ಹುಡುಗಿಗೆ ಗುಳಿಗೆ ಕೊಟ್ಟಿರಿ, ಯಾತಕ್ಕೆಂದು ಹೇಳಲು ಮರೆತಿರಿ.

ಮರೆತಿರಿ ಎಂದರೆ ತಪ್ಪಾದೀತು. ಆಸ್ಪತ್ರೆಯ ಗೋಡೆಗೆ "ರಕ್ತಹೀನತೆಯ ನಿವಾರಣೋಪಾಯಗಳು" ಎಂದು ಬರೆಸಿದ್ದೀರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಊರಿಗೆ ಹೋಗುವ ಶಿವನಿಯ ಬಸ್ಸೇ ಹೊರಟುಹೋಯಿತು. ಶಾಲೆಯ ಮೆಟ್ಟಿಲೇ ಹತ್ತದೆ ಈರುಳ್ಳಿ ಕೀಳುವ ಹುಡುಗಿಯರು ಗೋಡೆಯ ದರ್ಶನ ಮಾತ್ರದಿಂದಲೇ ಗುಣವಾಗಲಿ ಎಂಬುದು ಇಲಾಖೆಯ ಆಶಯವೇ?

ತುರ್ತು ಪರಿಸ್ಥಿತಿಯಲ್ಲಿ ಇಂಥದೇ ತ್ರಿಕೋನದ ಜೀಪು ನಮ್ಮ ಗಂಡಸರನ್ನು ಮಕ್ಕಳಾಗದ ಆಪರೇಷನ್ನಿಗೆ ಹತ್ತಿಸಿಕೊಂಡು ಹೋಗಿತ್ತು. ಈಗ ಅದೇ ಜೀಪು ಹುಡುಗಿಯರಿಗೆ ಗುಳಿಗೆ ತಂದರೆ ಅವರು ಏನೆಂದುಕೊಳ್ಳಬೇಕು? ನರ್ಸಮ್ಮ ಅತ್ತ ಹೋದದ್ದೇ ತಡ, ಗುಳಿಗೆಯನ್ನು ಎಂಜಲಲ್ಲಿ ನೆನೆಸಿ ತುಟಿಗೆ ಬಳಿದುಕೊಂಡರು. ಸರ್ಕಾರದ ಕೃಪೆಯಿಂದ ಇಡೀ ಕೇರಿಯ ತುಟಿ ಕೆಂಪಾಯಿತು. ಮುಖ ಬಿಳಿಚಿಕೊಂಡಿದ್ದ ಹೊನ್ನಿ ಮಾತ್ರ ಈರುಳ್ಳಿ ಹೊಲದಲ್ಲಿ ಕಣ್ಣುಕತ್ತಲೆ ಬಂದು ಬಿದ್ದಳು. ಆಸ್ಪತ್ರೆಗೆ ಹೊತ್ತೊಯ್ದರೆ, ರಕ್ತ ಕಡಿಮೆಯೆಂದು ಬೈದು ಮತ್ತದೇ ಗುಳಿಗೆ ಕೊಟ್ಟರು.

"ನುಂಗೇ, ರಕ್ತ ಆಗ್ತದಂತೆ," ಎಂದೆ.

"ಮಕ್ಳಾಗಲ್ವಂತೆ ಕಣ್ ದೊಡ್ಡವ್ವ. ಆಮೇಲೆ ಗಂಡ್ನ ಮನೇರು ನರ್ಸಮ್ಮನ್ನ ಹೊಡೀತಾರಾ, ನನ್ನ ಹೊಡೀತಾರಾ?"

"ಹಂಗಾರೆ ನಾನೇ ಮೊದ್ಲು ನುಂಗ್ತೀನಿ, ನೋಡು."

"ನಿಂಗಾಗ್ಲೇ ಐದ್ ಆಗವೆ. ನೀನ್ ನುಂಗಿದ್ರೇನು, ಬಿಟ್ರೇನು?"

ಸಾಹೇಬರೇ, ಈ ಪ್ರಶ್ನೆಗೆ ಗೋಡೆಯ ಮೇಲೆ ಎಷ್ಟನೇ ಸಾಲಿನಲ್ಲಿ ಉತ್ತರವಿದೆ?

ತಾವೇ ಬನ್ನಿ ಎನ್ನುವಷ್ಟು ಧೈರ್ಯ ನನಗಿಲ್ಲ. ನರ್ಸಮ್ಮನನ್ನು ಜೀಪು ಬಿಟ್ಟು ಬಸ್ಸಿನಲ್ಲಿ ಕಳಿಸಿ. ಹುಡುಗಿಯರು ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ ಅವರ ಜೊತೆ ಕೂರಲಿ. ಅವರು ಕೇಳುವುದೆಲ್ಲ ಮುಗಿಯುವ ತನಕ ಏಳದಿರಲಿ.

ಹೊನ್ನಿಗೆ ಕೊನೆಗೆ, ಮಕ್ಕಳಾಗೇ ಆಗುತ್ತವೆಂದು ಆಣೆ ಮಾಡಿ ನುಂಗಿಸಿದ್ದೇನೆ. ಮೂರನೆಯ ದಿನ ಬಯಲಿಗೆ ಹೋದವಳು ಅಳುತ್ತ ಓಡಿ ಬಂದಳು: ಕಪ್ಪಗೆ ಹೋಗಿದೆಯಂತೆ. ಗುಳಿಗೆಯಿಂದ ಹಾಗಾಗುತ್ತದೆ, ಹೆದರಬೇಡಿ ಎಂದು ಅವತ್ತು ಆಸ್ಪತ್ರೆಯಲ್ಲಿ ಗುಳಿಗೆ ಕೊಡುವಾಗ ಕಾಂಪೌಂಡರು ಅಂದಂತೆ ನೆನಪು. ಅಂದದ್ದು ನಮಗೋ, ನಮ್ಮ ಹಿಂದೆ ನಿಂತಿದ್ದವರಿಗೋ? ದಯವಿಟ್ಟು ಇದೊಂದನ್ನು ಮತ್ತೊಮ್ಮೆ ವಿಚಾರಿಸಿ ತಿಳಿಸಿ. ನಮಗೇ ಅಂದದ್ದು ಎಂದು ಎರಡನೆಯ ಆಣೆಯನ್ನೂ ಮಾಡಿಬಿಟ್ಟಿದ್ದೇನೆ.

ಇಂತಿ,
ಇಲಾಖೆಯ ಪರವಾಗಿ ಆಣೆ ಮಾಡಿ ಸಿಕ್ಕಿಬಿದ್ದಿರುವ
ಅಂಜಿನಮ್ಮ, ಅಜ್ಜಂಪುರದ ಕಡೆಯವಳು